ಇಂದಿನ ಧಮ್ಮ ಚಿಂತನೆ: ಕಾಲು ಮುರಿದ ಟರ್ಕಿ ಕೋಳಿ



ಬಂಧುಗಳೇ, ಸಿದ್ಧಾರ್ಥ ಮತ್ತು ಹಂಸದ ಕಥೆ ನಮ್ಮ ಮಕ್ಕಳಿಗೂ ಬಾಯಿಪಾಠ. ದೇವದತ್ತ ಬಾಣ ಬಿಟ್ಟ, ಹಕ್ಕಿ ಬಿತ್ತು, ಅದು ಯಾರದು ಎಂದು ಜಗಳವಾಯಿತು, ಹೊಡೆದವನಿಗಿಂತ ಉಳಿಸಿದವನಿಗೇ ಹಕ್ಕು ಎಂದು ತೀರ್ಪಾಯಿತು. ಶಾಲೆಯ ನಾಟಕದಲ್ಲೂ ಚಪ್ಪಾಳೆ ಬೀಳುವುದು ಆ ತೀರ್ಪಿಗೇ. ಆದರೆ ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥದಲ್ಲಿ ಈ ಕಥೆ ಹೇಳುವಾಗ, ಜಗಳಕ್ಕೆ ಮೊದಲು ಇನ್ನೊಂದಿಷ್ಟು ಹೇಳಿದ್ದಾರೆ. ಹುಡುಗ ಬಾಣ ತೆಗೆದ, ಗಾಯಕ್ಕೆ ಕಟ್ಟಿದ, ನೀರು ಕುಡಿಸಿದ, ತನ್ನ ಮೇಲುವಸ್ತ್ರದಲ್ಲಿ ಸುತ್ತಿ ಎದೆಗೆ ಹಿಡಿದು ಬೆಚ್ಚಗೆ ಇಟ್ಟುಕೊಂಡ. ತೀರ್ಪು ಒಂದು ಗಳಿಗೆಯ ಮಾತು. ಆರೈಕೆ ಎಷ್ಟು ದಿನದ್ದು ಎಂದು ಕೈ ಹಚ್ಚಿದವರಿಗೆ ಗೊತ್ತು.

ಇದನ್ನು ಹೇಳಲು ನನಗೊಂದು ಕಾರಣ ಇದೆ. ನಾವು ಬನಹಟ್ಟಿಯವರು. ಮನೆಯವರು ಪಾವರ್‌ಲೂಮಿಗೆ ಹೋಗುತ್ತಾರೆ, ನಾನು ಮನೆಯಲ್ಲೇ ಕಂಡಿಕೆ ಸುತ್ತುತ್ತೇನೆ. ಮಹಿಳಾ ಸಂಘದ ಸಾಲದಲ್ಲಿ ಆರು ಟರ್ಕಿ ಕೋಳಿ ಮರಿ ತಂದು ಹಿತ್ತಲಲ್ಲಿ ಸಾಕಿದ್ದೆವು. (ಹೆಸರು ಟರ್ಕಿ, ಆದರೆ ಆ ದೇಶದ್ದಲ್ಲ. ಅಮೆರಿಕದ ಹಕ್ಕಿ. ಗೋವೆಯ ಬಂದರಿನಿಂದ ಜಹಾಂಗೀರನ ದರ್ಬಾರಿಗೆ ಹೋಗಿ, 1612ರಲ್ಲಿ ಮನ್ಸೂರ್ ಎಂಬ ಚಿತ್ರಕಾರನ ಕೈಯಲ್ಲಿ ಚಿತ್ರವಾಯಿತು.) ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಬೀದಿ ನಾಯಿಗಳು ಅಟ್ಟಿಸಿದಾಗ ಅವುಗಳಲ್ಲಿ ದೊಡ್ಡ ಹುಂಜದ ಕಾಲು ತಂತಿ ಬೇಲಿಯಲ್ಲಿ ಸಿಕ್ಕಿ ಮುರಿಯಿತು. ಆರು ಕಿಲೋ ತೂಕದ ಹಕ್ಕಿ, ಒಂದೇ ಕಾಲ ಮೇಲೆ ಏಳಲು ಹೋಗಿ ಬೀಳುತ್ತಿತ್ತು.

ಮಾಂಸದ ಅಂಗಡಿಯವರು ಅರ್ಧ ರೇಟಿಗೆ ಕೇಳಿದರು. ನಮ್ಮತ್ತೆ, “ಕಾಲ ಮುರದ ಕೋಳಿ ಇಟಗೊಂಡ ಏನ್ ಮಾಡ್ತಿಯವಾ, ಕೊಟ್ಟ ಬಿಡು” ಅಂದರು. ಅವರ ಮಾತಿನಲ್ಲಿ ತಪ್ಪಿಲ್ಲ, ಸಾಲದ ಕಂತು ಇತ್ತು. ನನ್ನ ಮಗಳು ಮಾತ್ರ ಅದರ ಪಕ್ಕದಿಂದ ಏಳಲಿಲ್ಲ. ಕಡೆಗೆ ಬುಟ್ಟಿಯಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋದೆವು. ಡಾಕ್ಟರು ಹತ್ತಿ ಸುತ್ತಿ, ಎರಡೂ ಕಡೆ ಬಿದಿರಿನ ದಬ್ಬೆ ಇಟ್ಟು ಪಟ್ಟಿ ಕಟ್ಟಿದರು. ಬೆರಳು ತಣ್ಣಗಾದರೆ, ಕಪ್ಪಿಟ್ಟರೆ ಪಟ್ಟಿ ಬಿಗಿಯಾಗಿದೆ ಎಂದು ತಿಳಿದು ತಕ್ಷಣ ಬನ್ನಿ ಅಂದರು. ಮನೆಯಲ್ಲಿರುವ ಮನುಷ್ಯರ ನೋವಿನ ಗುಳಿಗೆ ಕೊಡಬೇಡಿ ಎಂದೂ ಹೇಳಿದರು. ನೋವಿನ ಗುಳಿಗೆ ಹಕ್ಕಿಗೆ ಏನು ಮಾಡುತ್ತದೆ ಎನ್ನುವುದಕ್ಕೆ ರಣಹದ್ದುಗಳೇ ಸಾಕ್ಷಿ. ಡೈಕ್ಲೋಫೆನಾಕ್ ಕೊಟ್ಟಿದ್ದ ದನಗಳ ಹೆಣ ತಿಂದು ಅವು ಸಾಲುಸಾಲಾಗಿ ಸತ್ತವು, 2006ರಲ್ಲಿ ದನಗಳಿಗೆ ಆ ಔಷಧವನ್ನೇ ಸರ್ಕಾರ ನಿಷೇಧಿಸಿತು.

ಆಮೇಲಿನ ಮೂರು ವಾರ ಹೇಳುವಂಥ ಕಥೆ ಏನಿಲ್ಲ, ಬರೀ ಕೆಲಸ. ಭಾರದ ಹಕ್ಕಿ ಒಂದೇ ಕಡೆ ಕುಂತರೆ ಎದೆ ಹುಣ್ಣಾಗುತ್ತದೆ. ಹುಲ್ಲಿನ ಹಾಸಿಗೆ ದಿನಾ ಬದಲಿಸಬೇಕು. ಹಳೆಯ ಲುಂಗಿಗೆ ಎರಡು ತೂತು ಮಾಡಿ, ಕಾಲು ಇಳಿಬಿಟ್ಟು, ಹೊರಸಿನ ಚೌಕಟ್ಟಿಗೆ ತೊಟ್ಟಿಲಂತೆ ಕಟ್ಟಿ ದಿನಕ್ಕೆರಡು ಸಲ ನಿಲ್ಲಿಸುತ್ತಿದ್ದೆವು. ಮೆತ್ತಗಿನ ನುಚ್ಚು, ನೀರು ಬಾಯಿ ಹತ್ತಿರ ಹಿಡಿಯಬೇಕು. ಹಿಕ್ಕೆ ಬಳಿಯಬೇಕು, ಗರಿ ಒರೆಸಬೇಕು. ಟರ್ಕಿಯ ಬೋಳು ತಲೆ ಮನಸ್ಸಿನಂತೆ ಬಣ್ಣ ಬದಲಿಸುತ್ತದೆ. ಮೊದಲ ವಾರ ಪೂರಾ ಬಿಳಚಿಕೊಂಡಿತ್ತು. ಹತ್ತನೇ ದಿನವೋ ಹನ್ನೊಂದನೇ ದಿನವೋ, ಕಂಡಿಕೆ ಸುತ್ತುವ ರಾಟೆಯ ಸದ್ದಿಗೆ ಎದುರು ಸದ್ದು ಮಾಡಿತು, ಗುಳುಗುಳು ಅಂತ. ಅತ್ತೆಯೇ ಮೊದಲು ನಕ್ಕರು. ಅಂದಿನಿಂದ ನುಚ್ಚು ಕಲೆಸುವ ಕೆಲಸ ಅವರದಾಯಿತು.

ಓಣಿಯ ಹಿರಿಯರೊಬ್ಬರು ಬಾಗಿಲಲ್ಲಿ ನಿಂತು, “ಕೋಳಿ ತಿನ್ನಾವರು ಕೋಳಿಗೆ ಪಟ್ಟಿ ಕಟ್ಟತೀರಿ, ಚಲೋ ಧರ್ಮ ನಿಮ್ದು” ಅಂದು ಹೋದರು. ಬಂಧುಗಳೇ, ಇಂಥ ಮಾತು ನಿಮ್ಮ ಮನೆ ಬಾಗಿಲಿಗೂ ಬಂದಿರುತ್ತದೆ. ನಮ್ಮ ತಟ್ಟೆ ನೋಡಿ ನಮ್ಮ ಕರುಣೆಯನ್ನು ಅಳೆಯುವವರು ಬಹಳ ಜನ. ಆದ್ದರಿಂದ ಇದಕ್ಕೆ ಉತ್ತರ ನಮ್ಮಲ್ಲಿರಬೇಕು.

ನಾನು ಮುಚ್ಚಿಡುವುದಿಲ್ಲ. ಆ ಆರರಲ್ಲಿ ಮೂರನ್ನು ಮಾರಿದೆವು, ತಮ್ಮ ಬಂದಾಗ ಒಂದನ್ನು ಮನೆಯಲ್ಲೇ ಮಾಡಿದೆವು. ಬಾಬಾಸಾಹೇಬರು ಅಹಿಂಸೆಯನ್ನು ವಿವರಿಸುವಾಗ, ಕೊಲ್ಲುವ ಅಗತ್ಯ ಬೇರೆ, ಕೊಲ್ಲುವ ಆಸೆ ಬೇರೆ ಎಂದು ಬಿಡಿಸಿದ್ದಾರೆ. ಬುದ್ಧರ ಅಹಿಂಸೆ ಒಂದು ತತ್ವ, ಕಣ್ಣು ಮುಚ್ಚಿ ಪಾಲಿಸುವ ನಿಯಮವಲ್ಲ ಎನ್ನುವುದು ಅವರ ವಿವರಣೆ. ತತ್ವ ಇಟ್ಟುಕೊಂಡವರು ಪ್ರತಿ ಸಲವೂ ಯೋಚಿಸಬೇಕಾಗುತ್ತದೆ, ಅದೇ ಅದರ ಕಷ್ಟ. ಸಮ್ರಾಟ ಅಶೋಕನ ಮೊದಲ ಬಂಡೆ ಶಾಸನ ನೋಡಿ. ಮೊದಲು ಅರಮನೆಯ ಅಡುಗೆಗೆ ದಿನಾ ಲಕ್ಷಗಟ್ಟಲೆ ಪ್ರಾಣಿ ಸಾಯುತ್ತಿದ್ದವು, ಈಗ ಎರಡು ನವಿಲು, ಒಂದು ಜಿಂಕೆ, ಮುಂದೆ ಇವೂ ಇರುವುದಿಲ್ಲ ಎಂದು ಕಲ್ಲಿನಲ್ಲಿ ಕೆತ್ತಿಸಿದ. ಎಲ್ಲ ಬಿಟ್ಟ ಮೇಲೆ ಕೆತ್ತಿಸೋಣ ಎಂದು ಕಾಯಲಿಲ್ಲ. ಎರಡನೇ ಶಾಸನದಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಟು ಮಾಡಿದ್ದನ್ನು ಹೇಳಿದ. ನವಿಲು ಇನ್ನೂ ಅಡುಗೆಮನೆಗೆ ಹೋಗುತ್ತಿದ್ದ ಅದೇ ರಾಜ್ಯದಲ್ಲಿ ಪ್ರಾಣಿಗಳಿಗೆ ಔಷಧವೂ ಇತ್ತು. ನನಗೆ ಇದು ಕಪಟ ಅನ್ನಿಸುವುದಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ 13ನೆಯದು, ಎಲ್ಲ ಜೀವಿಗಳ ಮೇಲೆ ದಯೆ ಇಟ್ಟು ಅವನ್ನು ಕಾಪಾಡುವ ಪ್ರತಿಜ್ಞೆ. ಮನುಷ್ಯರ ಮೇಲಿನ ಪ್ರೀತಿ ಕರುಣೆ, ಜೀವಿಗಳೆಲ್ಲದರ ಮೇಲಿನ ಪ್ರೀತಿ ಮೈತ್ರಿ, ಕರುಣೆಯಲ್ಲೇ ನಿಲ್ಲಬಾರದು ಎಂದೂ ಅವರು ಬರೆದಿದ್ದಾರೆ.

ಆದರೆ ಆ ಹಿರಿಯರ ಮಾತಿಗಿಂತ ಹೆಚ್ಚು ನನ್ನ ತಲೆಯಲ್ಲಿ ಉಳಿದದ್ದು ಅತ್ತೆಯ ಮಾತು: ಇಟ್ಟುಕೊಂಡು ಏನು ಮಾಡ್ತಿ? ಇದೇ ಮಾತು ವಿನಯ ಪಿಟಕದ ಮಹಾವಗ್ಗದಲ್ಲೂ ಇದೆ, ಬೇರೆ ಬಾಯಲ್ಲಿ.

ಒಬ್ಬ ಭಿಕ್ಖುವಿಗೆ ಭೇದಿ ಹತ್ತಿ, ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಆನಂದರ ಜೊತೆ ಬಂದ ಬುದ್ಧರು, ನಿನ್ನನ್ನು ನೋಡಿಕೊಳ್ಳುವವರು ಯಾರೂ ಇಲ್ಲವೇ ಎಂದು ಕೇಳಿದರು. ಇಲ್ಲ ಅಂದ. ಯಾಕೆ ಎಂದರೆ ಅವನು ಕೊಟ್ಟ ಉತ್ತರ, ತನ್ನಿಂದ ಬೇರೆ ಭಿಕ್ಖುಗಳಿಗೆ ಏನೂ ಉಪಯೋಗವಿಲ್ಲ, ಅದಕ್ಕೇ ಅವರು ನೋಡುವುದಿಲ್ಲ ಎಂದು. ಅವನು ದೂರು ಹೇಳಲಿಲ್ಲ, ಒಪ್ಪಿಕೊಂಡುಬಿಟ್ಟಿದ್ದ. ಇದನ್ನು ಓದುವಾಗ ನನಗೆ ಗಂಟಲು ಕಟ್ಟುತ್ತದೆ. ದುಡಿಯುವ ತನಕ ಮಾತ್ರ ಬೆಲೆ ಎಂಬ ಲೆಕ್ಕದಲ್ಲೇ ನಮ್ಮ ಅಜ್ಜ, ಮುತ್ತಜ್ಜರನ್ನು ಊರು ಇಟ್ಟುಕೊಂಡಿತ್ತು. ಸತ್ತ ದನ ಎತ್ತಲು ಬೇಕು, ಕಾಯಿಲೆ ಬಿದ್ದರೆ ನೀರು ಕೊಡಲು ಯಾರೂ ಇಲ್ಲ.

ಬುದ್ಧರು ಅವನಿಗೆ ಉಪದೇಶ ಮಾಡಲಿಲ್ಲ. ಆನಂದರಿಗೆ ನೀರು ತರಲು ಹೇಳಿದರು. ತಾವು ನೀರು ಹೊಯ್ದರು, ಆನಂದರು ತೊಳೆದರು. ತಾವು ತಲೆ ಕಡೆ ಹಿಡಿದರು, ಆನಂದರು ಕಾಲು ಕಡೆ, ಎತ್ತಿ ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಕೂಡಿಸಿ, ನಿಮಗೆ ಇಲ್ಲಿ ತಾಯಿಯಿಲ್ಲ ತಂದೆಯಿಲ್ಲ, ಒಬ್ಬರನ್ನೊಬ್ಬರು ನೋಡದಿದ್ದರೆ ಯಾರು ನೋಡಬೇಕು ಎಂದು ಕೇಳಿದರು. ತಮ್ಮ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂದರು. ಆರೈಕೆ ಮಾಡುವವರಲ್ಲಿ ಇರಬೇಕಾದ ಐದು ಗುಣ ಅಲ್ಲೇ ಬರುತ್ತವೆ: ಔಷಧ ಸಿದ್ಧ ಮಾಡಲು ಬರಬೇಕು, ಯಾವುದು ಒಗ್ಗುತ್ತದೆ ಯಾವುದು ಒಗ್ಗುವುದಿಲ್ಲ ತಿಳಿದಿರಬೇಕು, ಲಾಭಕ್ಕಲ್ಲ ಮೈತ್ರಿಯಿಂದ ಮಾಡಬೇಕು, ಮಲಮೂತ್ರ ವಾಂತಿ ಬಳಿಯಲು ಹೇಸಬಾರದು, ಧಮ್ಮದ ಮಾತಿನಿಂದ ಧೈರ್ಯ ತುಂಬಬೇಕು. ಟರ್ಕಿಗೆ ಐದನೆಯದನ್ನು ನನ್ನ ಮಗಳು ಮಾಡಿದಳು, ಅದರ ಮುಂದೆ ಕುಂತು ತ್ರಿಶರಣ ಪಂಚಶೀಲ ಹೇಳುತ್ತಿದ್ದಳು. ಅದಕ್ಕೆ ತಿಳಿಯಿತೋ ಇಲ್ಲವೋ, ಅವಳಿಗಂತೂ ಪಾಠ ಬಾಯಿಗೆ ಬಂತು. ಕಷ್ಟದ್ದು ಮೂರನೆಯದು. ಮಾರಿದರೆ ಎಷ್ಟು ಬಂದೀತು ಎಂಬ ಲೆಕ್ಕ ಮನೆಯಲ್ಲಿ ಯಾರಿಗೂ ಪೂರ್ತಿ ಬಿಟ್ಟುಹೋಗಲಿಲ್ಲ. ಲೆಕ್ಕ ಒಂದು ಕಡೆ ಇರುವಾಗಲೇ ಹುಲ್ಲು ಬದಲಿಸುತ್ತಿದ್ದೆವು.

ಪಟ್ಟಿ ಬಿಚ್ಚಿದ ಮೇಲೆ ಹುಂಜ ಸ್ವಲ್ಪ ಕುಂಟಿಕೊಂಡು ಓಡಾಡುತ್ತಿದೆ. ಮುಂದೆ ಅದನ್ನು ಮಾರುತ್ತೇವೋ ಇಲ್ಲವೋ, ಪ್ರತಿಜ್ಞೆ ಏನೂ ಮಾಡಿಲ್ಲ. ನಿಮ್ಮ ಮನೆಯ ದನ, ಆಡು, ಕೋಳಿಗೆ ಹೀಗಾದರೆ 1962 ನಂಬರಿಗೆ ಫೋನ್ ಮಾಡಿ, ಪಶು ಚಿಕಿತ್ಸೆಯ ಗಾಡಿಗಾಗಿ ಇರುವ ನಂಬರ್ ಅದು.

ಇನ್ನೊಂದು ವಿಷಯ. ನಮ್ಮ ಓಣಿಯ ಅಜ್ಜಿಯೊಬ್ಬರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದಾರೆ. ಮಕ್ಕಳು ದುಡಿಯಲು ಇಚಲಕರಂಜಿಗೆ ಹೋಗಿದ್ದಾರೆ. ಮೊನ್ನೆ ನೋಡಲು ಹೋದಾಗ, “ನನ್ನಿಂದ ಯಾರಿಗೇನ್ ಆಗೂದೈತಿ, ನನಗ್ಯಾಕ ಬರತೀರಿ” ಅಂದರು. ಬೆಳಿಗ್ಗೆ ಸ್ನಾನ, ಹಾಸಿಗೆ ಬದಲಿಸುವುದು, ಊಟ ಮಾಡಿಸುವುದಕ್ಕೆ ನಮ್ಮ ಅಧ್ಯಯನ ಬಳಗದಿಂದ ಪಾಳಿ ಹಚ್ಚಿದ್ದೇವೆ. ಸೋಮವಾರ, ಬುಧವಾರ, ಶುಕ್ರವಾರಕ್ಕೆ ಅಕ್ಕಂದಿರು ಹೆಸರು ಕೊಟ್ಟಿದ್ದಾರೆ. ಭಾನುವಾರ ವಂದನೆ ಮುಗಿಸಿ ಎಲ್ಲರೂ ಹೋಗುತ್ತೇವೆ. ಮಂಗಳವಾರ, ಗುರುವಾರ, ಶನಿವಾರ ಖಾಲಿ ಇವೆ. ಬರುವವರು ಇದೇ ಗ್ರೂಪಿನಲ್ಲಿ ತಿಳಿಸಿ. ಅಣ್ಣಂದಿರೂ ಬರಬಹುದು, ಎತ್ತಿ ಕೂರಿಸಲು ಇಬ್ಬರು ಬೇಕು.

ಜೈ ಭೀಮ್.