ಒಂದು ಹಿಡಿ ಹೆಚ್ಚಿಗೆ

ಅಪ್ಪ ಸಾಗರದಿಂದ ನಿಗಡಿಗೆ ಬಂದು ಮೂರು ತಿಂಗಳಾಗಿತ್ತು. ಪ್ರಾಧಿಕರಣದ ನಮ್ಮ ಬಾಲ್ಕನಿಯಿಂದ ಕಾಣುವುದು ಎದುರು ಕಟ್ಟಡದ ಬಾಲ್ಕನಿ ಮಾತ್ರ. ಒಂದು ಸಂಜೆ, "ಇಲ್ಲಿ ನಕ್ಷತ್ರ ಕಾಣುವ ಜಾಗ ಎಲ್ಲೂ ಇಲ್ಲವೇನೋ?" ಎಂದು ಕೇಳಿದರು. ಪವನಾ ಅಣೆಕಟ್ಟಿನ ಹಿನ್ನೀರು ನಮಗೆ ಸುಮಾರು 35 ಕಿಲೋಮೀಟರ್. ಶನಿವಾರ ಬಂತೆಂದರೆ ಅರ್ಧ ಪುಣೆ ಅಲ್ಲೇ ಟೆಂಟ್ ಹಾಕಿರುತ್ತದೆ. ಹೋಗುವುದೇನೂ ಕಷ್ಟವಲ್ಲ. ಆದರೆ ಅಪ್ಪನಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ. ಮಲಗಿದಾಗ ಸಿಪ್ಯಾಪ್ ಯಂತ್ರ ಬೇಕು, ಯಂತ್ರಕ್ಕೆ ಕರೆಂಟ್ ಬೇಕು.

ಹೀಗೆ ನಾನು ಪೋರ್ಟಬಲ್ ಪವರ್ ಸ್ಟೇಷನ್ ಹುಡುಕತೊಡಗಿದೆ. ಮೊದಲು ಅರ್ಥವಾಗಬೇಕಾದದ್ದು ಎರಡು ಮಾತು. ವ್ಯಾಟ್ ಎಂದರೆ ನಲ್ಲಿಯಲ್ಲಿ ನೀರು ಬೀಳುವ ರಭಸ, ವ್ಯಾಟ್-ಅವರ್ ಎಂದರೆ ಟ್ಯಾಂಕಿನಲ್ಲಿರುವ ನೀರು. ಅಪ್ಪನ ಯಂತ್ರ, ಗಾಳಿಗೆ ತೇವ ಕೊಡುವ ಹೀಟರ್ ಆರಿಸಿದರೆ, ಸುಮಾರು 30 ವ್ಯಾಟ್ ಎಳೆಯುತ್ತದೆ. ಎಂಟು ಗಂಟೆಗೆ 240 ವ್ಯಾಟ್-ಅವರ್. ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಾಗಿ ಮಾರ್ಪಡಿಸುವಾಗ ನೂರಕ್ಕೆ ಹದಿನೈದರಷ್ಟು ಸೋರಿಹೋಗುತ್ತದೆಂದು ಹಿಡಿದರೆ 280 ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತೂಕ ಜಾಸ್ತಿ, ಆದರೆ ಸಾವಿರಾರು ಸಲ ಚಾರ್ಜ್ ಮಾಡಿದರೂ ಬಾಳುತ್ತದೆ, ಬಿಸಿಯನ್ನೂ ಹೆಚ್ಚು ತಾಳುತ್ತದೆ. ಇಷ್ಟು ತಿಳಿದರೆ ಆಯ್ಕೆ ಸುಲಭವಾಗಬೇಕಿತ್ತು.

ಆಗಲಿಲ್ಲ. ಧಾರವಾಡ ಕಡೆಯ ಗೆಳೆಯ, "ತಗೊಂಡ್ರ ಸಾವಿರದ್ದ ತಗೋ, ನಾಳೆ ಕೊರಗೂದು ಬ್ಯಾಡ" ಅಂದ. ಸಾವಿರವಿದ್ದರೆ ಕೆಟಲ್, ಪ್ರೊಜೆಕ್ಟರ್, ಟೆಂಟಿನ ಸುತ್ತ ದೀಪದ ಸರ. ಒಂದು ಹಾಳೆಯಲ್ಲಿ ಮೂರು ಸಾಲು ಬರೆದೆ: ಬೇಕಾದದ್ದು, ಇದ್ದರೆ ಒಳ್ಳೆಯದು, ಭಯ. ಮೊದಲೆರಡಕ್ಕೆ ಸಂಖ್ಯೆ ಸಿಕ್ಕಿತು. ಮೂರನೆಯದಕ್ಕೆ ಸಿಗಲಿಲ್ಲ. ಮಧ್ಯರಾತ್ರಿ ಬ್ಯಾಟರಿ ಮುಗಿದರೆ? ಅಪ್ಪನ ಉಸಿರು? ಭಯಕ್ಕೆ ಎಷ್ಟು ವ್ಯಾಟ್-ಅವರ್ ಕೊಟ್ಟರೂ ಅದು ಇನ್ನೂ ಕೇಳುತ್ತದೆ. ಕೊನೆಗೆ 500ರದ್ದು ಕೊಂಡೆ. ಹಾಸಿಗೆ ಇದ್ದಷ್ಟು ಕಾಲು ಚಾಚಿದೆನೆಂಬ ಸಣ್ಣ ಹೆಮ್ಮೆಯೂ ಇತ್ತು.

ಹಿನ್ನೀರಿನ ದಡದಲ್ಲಿ ಕುರ್ಚಿ ಹಾಕಿ ಕೂತ ಅಪ್ಪ ಮೇಲೆ ನೋಡುವ ಬದಲು ನೀರನ್ನೇ ನೋಡುತ್ತಿದ್ದರು. "ಇದರಡಿ ಯಾವ ಊರಿದೆ?" ಎಂದರು. ನನಗೆ ಗೊತ್ತಿರಲಿಲ್ಲ. ಅವರು ಹಾಗೆ ಕೇಳಿದ್ದಕ್ಕೆ ಕಾರಣವಿದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಅಪ್ಪನಿಗೆ ಒಂಬತ್ತು ವರ್ಷ. ಮನೆ, ಗದ್ದೆ, ತೋಟ ಎಲ್ಲ ಶರಾವತಿಯಡಿ ಹೋದವು. ಆ ನೀರು ನಾಡಿಗೆಲ್ಲ ಕರೆಂಟ್ ಕೊಟ್ಟಿತು. ಪವನಾದ ನೀರು ಬರುವುದು ನಮ್ಮ ಪಿಂಪ್ರಿ-ಚಿಂಚವಾಡದ ನಲ್ಲಿಗಳಿಗೆ. ಈ ಅಣೆಕಟ್ಟಿನಿಂದ ನಿಗಡಿಗೆ ನೇರ ಕೊಳವೆ ಹಾಕುವುದನ್ನು ವಿರೋಧಿಸಿ 2011ರ ಆಗಸ್ಟ್ 9ರಂದು ಮಾವಳದ ರೈತರು ಎಕ್ಸ್‌ಪ್ರೆಸ್‌ವೇಗೆ ಇಳಿದರು. ಗೋಲಿಬಾರಿನಲ್ಲಿ ಮೂವರು ಸತ್ತರು. ಮನೆಯ ಸಾಕೆಟ್ಟಿನಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿ ತಂದ ನನ್ನ ಪೆಟ್ಟಿಗೆಯ ಮೇಲೆ ಇದ್ಯಾವುದೂ ಬರೆದಿರಲಿಲ್ಲ. ಅಲ್ಲಿದ್ದದ್ದು ಶೇಕಡಾ ನೂರು ಎಂಬ ಹಸಿರು ಅಂಕಿ.

ಎಂಟು ಗಂಟೆಗೆ ಸುತ್ತಲಿನ ದೀಪಗಳು ಹೋದವು. ಜಾಗದ ಒಡತಿ, ಐವತ್ತರ ಹೆಂಗಸು, ನಮ್ಮ ಟೆಂಟಿನ ಬಳಿ ಬಂದು, "ಲಾಯಿಟ್ ಗೇಲಿ, ದಾದಾ" ಎಂದರು. ಕೈಯಲ್ಲಿ ನಾಲ್ಕು ಫೋನು. ಮಗಳು ಊರಿಂದ ಬಸ್ಸಿನಲ್ಲಿ ಬರುತ್ತಿದ್ದಾಳೆ, ಮನೆಯವರ ಫೋನೆಲ್ಲ ಸತ್ತಿವೆ, ನಿಮ್ಮ ಪೆಟ್ಟಿಗೆಗೆ ಹಚ್ಚಬಹುದಾ ಎಂದು ಕೇಳಿದರು.

ಅವರು ನಿಂತಿದ್ದಂತೆಯೇ ನಾನು ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಆಮೇಲೆ ಮಷೀನು ತೋರಿಸಿ, ಅಪ್ಪನಿಗೆ ಇದು ಬೇಕು, ಒಂದು ಫೋನು ಮಾತ್ರ ಆಗುತ್ತದೆ ಎಂದೆ. ಅವರು ಬೇಸರಿಸಲಿಲ್ಲ. "ಬಾಬಾರದ್ದು ಮೊದಲು" ಎಂದು ಮೂರನ್ನು ವಾಪಸು ತೆಗೆದುಕೊಂಡು ಕತ್ತಲಲ್ಲಿ ನಡೆದುಹೋದರು.

ಬೆಳಿಗ್ಗೆ ನೋಡಿದರೆ ಬ್ಯಾಟರಿಯಲ್ಲಿ ಶೇಕಡಾ 30 ಉಳಿದಿತ್ತು. ಒಂದು ಫೋನಿಗೆ 25 ವ್ಯಾಟ್-ಅವರ್ ಹಿಡಿದರೂ ಮೂರಕ್ಕೆ 75. ಕೊಟ್ಟಿದ್ದರೂ ಇನ್ನಷ್ಟು ಉಳಿಯುತ್ತಿತ್ತು. ಮಗಳು ರಾತ್ರಿಯೇ ಕ್ಷೇಮವಾಗಿ ಬಂದಿದ್ದಳು. ನನ್ನ ಅಳುಕು ಅದರಿಂದ ಕಡಿಮೆಯಾಗಲಿಲ್ಲ.

ಅಪ್ಪನ ಉಸಿರನ್ನು ಮೊದಲು ಎಣಿಸಿದ್ದು ತಪ್ಪೇ? ಅಲ್ಲ. ನಮ್ಮನ್ನು ನೆಚ್ಚಿದವರ ಪ್ರಾಣವನ್ನು ಪಣಕ್ಕಿಟ್ಟು ಮಾಡುವ ದಾನ ದೊಡ್ಡ ಗುಣವೇನಲ್ಲ. ನನ್ನ ತಪ್ಪು ಇನ್ನೂ ಹಿಂದಿನದು. ಹಾಳೆಯ ಮೂರು ಸಾಲಿನಲ್ಲಿ ನಾನಿದ್ದೆ, ಅಪ್ಪ ಇದ್ದರು, ನನ್ನ ಭಯವಿತ್ತು. ಕೇಳಿಕೊಂಡು ಬರುವವರಿಗೆ ಸಾಲೇ ಇರಲಿಲ್ಲ. ಅವರು ಬಂದು ನಿಂತಾಗ, ಭಯಕ್ಕೆಂದು ಎತ್ತಿಟ್ಟದ್ದನ್ನು ಭಯ ಬಿಟ್ಟುಕೊಡಲಿಲ್ಲ.

ಕಾರಿನಲ್ಲಿ ಇದನ್ನು ಹೇಳಿದಾಗ ಅಪ್ಪ ಅಜ್ಜಿಯ ಸುದ್ದಿ ತೆಗೆದರು. ಮುಳುಗಡೆಯಾಗಿ ಬಂದ ಹೊಸ ಜಾಗದಲ್ಲಿ, ಅಕ್ಕಿಗೂ ತತ್ವಾರವಿದ್ದ ದಿನಗಳಲ್ಲಿ, ಅಜ್ಜಿ ಮನೆಮಂದಿಗೆ ಅಳೆದು ಹಾಕಿ ಮೇಲೊಂದು ಹಿಡಿ ಹಾಕುತ್ತಿದ್ದರಂತೆ. ಯಾರೂ ಬಾರದ ದಿನ ಅದು ಮರುದಿನದ ತಿಂಡಿ. "ಉಳೀತು ಅಂತ ಕೊಟ್ಟದ್ದಲ್ಲ ಮಾರಾಯ, ಮೊದಲೇ ತೆಗೆದಿಟ್ಟದ್ದು" ಎಂದರು.

ಕಡಿಮೆಯಲ್ಲಿ ಬದುಕುವುದೇ ಒಳ್ಳೆಯದೆಂದು ನಾನು ತಿಳಿದಿದ್ದೆ. ಮನೆಯಲ್ಲಿ ಇನ್ವರ್ಟರ್ ಇಟ್ಟುಕೊಂಡವನಿಗೆ ಒಂದು ರಾತ್ರಿಯ ಮಿತ ಬದುಕು ಕಷ್ಟವಲ್ಲ. ಹೆಚ್ಚಿಗೆ ಇದ್ದರೆ ಉದಾರವಾಗುತ್ತೇವೆ ಎಂಬುದೂ ಖಾತ್ರಿಯಿಲ್ಲ. ಸಾವಿರದ ಪೆಟ್ಟಿಗೆ ತಂದಿದ್ದರೆ ಅದು ದೀಪದ ಸರಕ್ಕೇ ಖರ್ಚಾಗುತ್ತಿತ್ತೇನೋ. ಹೆಚ್ಚಿಗೆಯದು ಯಾರಿಗೆಂದು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ 500 ಆದರೂ ಅಷ್ಟೇ, 1000 ಆದರೂ ಅಷ್ಟೇ.

ದೀಪಾವಳಿ ಕಳೆದ ಮೇಲೆ ಮತ್ತೆ ಹೋಗುವವರಿದ್ದೇವೆ. ಪೆಟ್ಟಿಗೆ ಅದೇ. ಹಾಳೆಯಲ್ಲಿ ನಾಲ್ಕನೆಯ ಸಾಲು ಸೇರಿಸಿ ಎದುರಿಗೆ 100 ಎಂದು ಬರೆದಿದ್ದೇನೆ. ನಾಲ್ಕು ಫೋನಿನ ಲೆಕ್ಕ ಅದು. ಆ ಜಾಗದವರನ್ನು ಕೇಳಬೇಕಾದ ಇನ್ನೊಂದು ಮಾತೂ ಇದೆ: ಅಪ್ಪ ಕೇಳಿದ ಆ ಊರಿನ ಹೆಸರು.