ಬೀಗದ ಕೈಯೂ ವಿಶ್ವಾಸವೂ

ವ್ಯಾಪಾರಕ್ಕೆ ವಿಶ್ವಾಸವೇ ಮೂಲಧನವೆಂಬುದನ್ನು ಕರಾವಳಿಯ ಜನರಿಗೆ ಯಾರೂ ಕಲಿಸಬೇಕಾಗಿಲ್ಲ. ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1925ರಲ್ಲಿ ಉಡುಪಿಯಲ್ಲೇ ಜನ್ಮ ತಾಳಿದವು. 1928ರಲ್ಲಿ ಆರಂಭವಾದ ಪಿಗ್ಮಿ ಯೋಜನೆಯಲ್ಲಿ ಬಡವರು ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿಗೆ ಬಂದವನ ಕೈಗೆ ಒಪ್ಪಿಸುತ್ತಿದ್ದರು. ಆ ಎರಡು ಬ್ಯಾಂಕುಗಳೂ 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಆದರೆ ಬ್ಯಾಂಕಿಂಗ್ ವೃತ್ತಿ ಕಲಿಸಿದ ಪಾಠ ಉಳಿದಿದೆ. ಮನುಷ್ಯನನ್ನು ನಂಬಬೇಕು, ಲೆಕ್ಕವನ್ನೂ ಬರೆದಿಡಬೇಕು. ಬ್ಯಾಂಕಿನ ತಿಜೋರಿಗೆ ಎರಡು ಬೀಗದ ಕೈಗಳು, ಅವು ಇಬ್ಬರ ವಶದಲ್ಲಿ. ಇದರಿಂದ ತನಗೆ ಅಪಮಾನವಾಯಿತೆಂದು ಯಾವ ಅಧಿಕಾರಿಯೂ ಭಾವಿಸುವುದಿಲ್ಲ.

ಇಂದು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಅಕ್ಕಿ ಗಿರಣಿ, ಗೇರುಬೀಜದ ಕಾರ್ಖಾನೆ, ಸಹಕಾರಿ ಸಂಘ, ಜವಳಿ ಅಂಗಡಿಗಳ ಲೆಕ್ಕವೆಲ್ಲ ಕಂಪ್ಯೂಟರಿಗೆ ಬಂದಿದೆ. ಅದರೊಂದಿಗೆ ಹೊಸದೊಂದು ಬೀಗದ ಕೈಯೂ ಬಂದಿದೆ. ಅದೇ ಅಡ್ಮಿನ್ ಖಾತೆಯ ಪಾಸ್‌ವರ್ಡ್. ಈ ವಿಶೇಷಾಧಿಕಾರದ ಖಾತೆಯನ್ನು ತೆರೆದವನು ಎಲ್ಲ ಲೆಕ್ಕವನ್ನೂ ನೋಡಬಲ್ಲನು, ಹಳೆಯ ನಮೂದನ್ನು ತಿದ್ದಬಲ್ಲನು, ಇತರರಿಗೆ ಅಧಿಕಾರ ಕೊಡಬಲ್ಲನು, ಎಷ್ಟೋ ಸಲ ತನ್ನ ಹೆಜ್ಜೆಗುರುತನ್ನೂ ಅಳಿಸಬಲ್ಲನು. ತಿಜೋರಿಯ ಕೈಯನ್ನು ಸೊಂಟದಲ್ಲೇ ಇಟ್ಟುಕೊಳ್ಳುವ ಧನಿಗಳು ಈ ಕೈಯ ವಿಷಯದಲ್ಲಿ ಮಾತ್ರ ಉದಾರಿಗಳು. ಗುಮಾಸ್ತನಿಗೆ ಅದು ಗೊತ್ತು, ಮ್ಯಾನೇಜರರಿಗೆ ಗೊತ್ತು, ರಿಪೇರಿಗೆ ಬಂದುಹೋದ ಹುಡುಗನಿಗೂ ಗೊತ್ತು. ಕೆಲಸ ಬಿಟ್ಟು ಗಲ್ಫಿಗೆ ಹೋದವನೂ ಅದನ್ನು ಮರೆತಿಲ್ಲ. ಕೇಳಿದರೆ, “ಎಲ್ಲರೂ ನಮ್ಮವರೇ ಅಲ್ದಾ?” ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಔದಾರ್ಯದ ಬೆಲೆ ದೊಡ್ಡದು. 2018ರ ಆರಂಭದಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬಯಿ ಶಾಖೆಯೊಂದರಲ್ಲಿ 13,000 ಕೋಟಿ ರೂಪಾಯಿಗೂ ಮೀರಿದ ವಂಚನೆ ಬಯಲಾಯಿತು. ವಿದೇಶೀ ಸಾಲಕ್ಕೆ ಬ್ಯಾಂಕಿನ ಹೊಣೆಯನ್ನು ಒಪ್ಪಿಕೊಳ್ಳುವ ಪತ್ರಗಳು ಸ್ವಿಫ್ಟ್ ಎಂಬ ಸಂದೇಶ ವ್ಯವಸ್ಥೆಯ ಮೂಲಕ ಹೊರಟುಹೋಗಿದ್ದವು. ಬ್ಯಾಂಕಿನ ಮುಖ್ಯ ಲೆಕ್ಕದಲ್ಲಿ ಅವು ದಾಖಲಾಗಿರಲಿಲ್ಲ. ಸ್ವಿಫ್ಟಿನ ಪಾಸ್‌ವರ್ಡುಗಳು ಅಧಿಕಾರವಿಲ್ಲದವರ ಕೈಸೇರಿದ್ದವೆಂಬುದು ತನಿಖೆಯಲ್ಲಿ ಕೇಳಿಬಂದ ಆರೋಪ. ಅಮೆರಿಕದ ಕೊಲೋನಿಯಲ್ ಪೈಪ್‌ಲೈನ್ ಸಂಸ್ಥೆಯ ಕಥೆ ಬೇರೆ ಬಗೆಯದು. ಅಲ್ಲಿ ಬಳಕೆ ನಿಂತರೂ ಮುಚ್ಚದೆ ಉಳಿದಿದ್ದ ಒಂದು ಖಾತೆಯ ಮೂಲಕ 2021ರಲ್ಲಿ ಆಕ್ರಮಣಕಾರರು ಒಳನುಗ್ಗಿದರು. ಇಂಧನದ ಕೊಳವೆಮಾರ್ಗ ಹಲವು ದಿನ ಸ್ತಬ್ಧವಾಯಿತು. ಸಂಸ್ಥೆ ಸುಮಾರು 44 ಲಕ್ಷ ಡಾಲರ್ ಒತ್ತೆಹಣ ತೆತ್ತಿತು. ಒಂದೆಡೆ ಹಂಚಿಹೋದ ಕೈ, ಇನ್ನೊಂದೆಡೆ ಮರೆತುಹೋದ ಕೈ. ಎರಡರ ಮೂಲವೂ ಪ್ರಮಾದವೇ.

ಹಣದ ನಷ್ಟಕ್ಕಿಂತ ಆಳವಾದ ಇನ್ನೊಂದು ನಷ್ಟವುಂಟು. ಒಂದು ಅಂಗಡಿಯಲ್ಲಿ ನಾಲ್ವರಿಗೆ ಒಂದೇ ಪಾಸ್‌ವರ್ಡ್ ಇದೆಯೆಂದು ಭಾವಿಸೋಣ. ವರ್ಷಾಂತ್ಯದಲ್ಲಿ ಬಾಕಿಯ ಪಟ್ಟಿ ತಿದ್ದಿದ್ದು ಕಾಣುತ್ತದೆ. ತಿದ್ದಿದವನು ಒಬ್ಬನೇ; ಆದರೆ ಕಂಪ್ಯೂಟರಿನಲ್ಲಿರುವುದು “ಅಡ್ಮಿನ್” ಎಂಬ ಹೆಸರು ಮಾತ್ರ. ತಪ್ಪಿತಸ್ಥನನ್ನು ಹಿಡಿಯಲಾಗದು, ಅದಕ್ಕಿಂತ ಕ್ರೂರವಾದುದೆಂದರೆ, ಉಳಿದ ಮೂವರು ತಮ್ಮ ನಿರ್ದೋಷಿತ್ವವನ್ನು ತೋರಿಸಲಾರರು. ಇಪ್ಪತ್ತು ವರ್ಷ ದುಡಿದ ಗುಮಾಸ್ತನು ಶಂಕೆಯ ನೆರಳಲ್ಲಿ ಮನೆಗೆ ಹೋಗುತ್ತಾನೆ. ಸಣ್ಣ ಊರಿನಲ್ಲಿ ಆ ನೆರಳು ಅವನ ಮಕ್ಕಳ ಮೇಲೂ ಬೀಳುತ್ತದೆ. ಯಾರೂ ಅವನ ಮೇಲೆ ಕೈಮಾಡಿಲ್ಲ. ಆದರೂ ಅವನಿಗಾದುದು ಹಿಂಸೆಯಲ್ಲವೇ?

ಹಾಗೆಂದು ದೊಡ್ಡ ಅಧಿಕಾರವನ್ನು ಒಬ್ಬನ ತಲೆಯ ಮೇಲೆ ಹೊರಿಸಿದರೂ ಕ್ಷೇಮವಿಲ್ಲ. 2025ರ ಜುಲೈಯಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ಕ್ರಿಪ್ಟೊ ವಿನಿಮಯ ಸಂಸ್ಥೆಯಿಂದ ಸುಮಾರು 4 ಕೋಟಿ 40 ಲಕ್ಷ ಡಾಲರ್ ಕಳವಾದಾಗ ಬೆಂಗಳೂರಿನ ಪೊಲೀಸರು ನೌಕರನೊಬ್ಬನನ್ನು ಬಂಧಿಸಿದರು. ಅವನ ಲಾಗಿನ್ ವಿವರಗಳನ್ನು ಬಳಸಿ ಕಳವು ನಡೆಯಿತೆಂಬುದು ಅವರ ಶಂಕೆಯಾಗಿತ್ತು. ಕೈ ಯಾರದೋ ಪ್ರಶ್ನೆ ಮೊದಲು ಅವನಿಗೇ.

ಆದುದರಿಂದ ಅಧಿಕಾರಕ್ಕೆ ಮಿತಿ ಹಾಕುವುದು ಅವಿಶ್ವಾಸವಲ್ಲ, ಪ್ರಾಮಾಣಿಕನಿಗೆ ಕೊಡುವ ರಕ್ಷಣೆ. ಅಧಿಕಾರವೂ ಒಂದು ಪರಿಗ್ರಹವೇ. ಅಗತ್ಯಕ್ಕೆ ಮೀರಿ ಇಟ್ಟುಕೊಂಡಷ್ಟೂ ಭಾರ ಹೆಚ್ಚು. ಪ್ರತಿಯೊಬ್ಬನಿಗೂ ತನ್ನ ಹೆಸರಿನದೇ ಖಾತೆ, ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇರತಕ್ಕದ್ದು. ಹಣ ಪಾವತಿಗೆ ಒಬ್ಬನು ಬರೆಯಬೇಕು, ಇನ್ನೊಬ್ಬನು ಒಪ್ಪಬೇಕು. ಕೆಲಸ ಬಿಟ್ಟವನ ಖಾತೆಯನ್ನು ಅಂದೇ ಮುಚ್ಚಬೇಕು. ಪಾಸ್‌ವರ್ಡಿನ ಜೊತೆಗೆ ಮೊಬೈಲಿಗೆ ಬರುವ ಎರಡನೆಯ ಸಂಕೇತವೂ ಬೇಕು. ಅಡ್ಮಿನ್ ಪಾಸ್‌ವರ್ಡನ್ನು ಮೊಹರಾದ ಲಕೋಟೆಯಲ್ಲಿಟ್ಟು, ತೆರೆದಾಗ ಸಹಿ ಮಾಡಿ, ಕೆಲಸ ಮುಗಿದೊಡನೆ ಬದಲಿಸಿದರೆ ಸಣ್ಣ ಅಂಗಡಿಗೂ ಸಾಕು. ಇವುಗಳಲ್ಲಿ ಹೆಚ್ಚಿನವಕ್ಕೆ ಬೇಕಾದುದು ಹಣವಲ್ಲ, ಶಿಸ್ತು.

ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ದಾಖಲೆಯೂ ಉಳಿಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೆ ಎಲ್ಲರೂ ಒಂದೇ ಹೆಸರಿನಲ್ಲಿ ಒಳಹೊಕ್ಕರೆ ಆ ದಾಖಲೆಯೂ ಮೂಕಸಾಕ್ಷಿಯಾಗುತ್ತದೆ. ಕಾನೂನು ಪುಸ್ತಕವನ್ನು ಕಾಯಬಲ್ಲದು. ಮನುಷ್ಯರ ಮಾನವನ್ನು ಕಾಯಬೇಕಾದವನು ಧನಿಯೇ.

ಮಿತಿಯ ಆರಂಭವೂ ಅವನಿಂದಲೇ ಆಗಬೇಕು. ದಿನನಿತ್ಯದ ಕೆಲಸಕ್ಕೆ ತಾನೂ ಸಾಮಾನ್ಯ ಖಾತೆಯನ್ನೇ ಬಳಸುವ ಧನಿಯನ್ನು ಕಂಡಾಗ, ತನಗೆ ಹಾಕಿದ ಮಿತಿ ಶಂಕೆಯಿಂದ ಬಂದುದಲ್ಲವೆಂದು ನೌಕರನಿಗೆ ತಾನಾಗಿ ತಿಳಿಯುತ್ತದೆ. ಎರಡು ಕೈಗಳ ತಿಜೋರಿಯನ್ನು ಮುಚ್ಚಿದ ಅಧಿಕಾರಿಯಂತೆ ಅವನೂ ರಾತ್ರಿ ನಿಶ್ಚಿಂತನಾಗಿ ನಿದ್ರಿಸಬಲ್ಲನು.