ತದ್ರೂಪಿಯ ಸಮ್ಮತಿ

ಮನುಷ್ಯನನ್ನು ಕೇವಲ ಸಾಧನವಾಗಿ ಬಳಸಬಾರದು ಎಂಬ ತತ್ತ್ವವನ್ನು ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಪ್ರಕಟವಾದ ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ ಮಂಡಿಸಿದ. ಇದರ ಭಾರವೆಲ್ಲ ‘ಕೇವಲ’ ಎಂಬ ಪದದ ಮೇಲಿದೆ. ಒಬ್ಬರನ್ನೊಬ್ಬರು ಬಳಸಿಕೊಳ್ಳದೆ ಬದುಕು ಸಾಗದು. ಬಸ್ಸು ಹತ್ತಿದವನಿಗೆ ಚಾಲಕ ಊರು ಮುಟ್ಟಿಸುವವನು. ಚಾಲಕನಿಗೆ ಅದೇ ಪ್ರಯಾಣಿಕನಿಂದ ಸಂಬಳ. ಕಾಂಟ್ ಇದನ್ನು ತಪ್ಪೆನ್ನಲಿಲ್ಲ. ಎದುರಿಗಿರುವವನಿಗೂ ಅವನದೇ ಗುರಿಗಳಿವೆ, ಬೇಕು ಬೇಡ ಎನ್ನುವ ವಿವೇಕವಿದೆ ಎಂಬುದನ್ನು ಮರೆತು ಅವನನ್ನು ಕೊಡಲಿಯಂತೆ, ಹಗ್ಗದಂತೆ ಬಳಸುವುದು ತಪ್ಪು.

ಈ ತತ್ತ್ವವನ್ನು ಒರೆಗೆ ಹಚ್ಚಲು ಒಂದು ಕಲ್ಪಿತ ಸನ್ನಿವೇಶ ಸಾಕು. ಒಬ್ಬ ಸಾಮಾನ್ಯ ನಾಗರಿಕನಿಗೆ ವಾಸಿಯಾಗದ ಕಾಯಿಲೆ; ಇನ್ನು ಕೆಲವೇ ತಿಂಗಳು ಎಂದು ವೈದ್ಯರು ಹೇಳಿದ್ದಾರೆ. ಅವನ ಮುಖ ಶತ್ರುದೇಶದ ಒಬ್ಬ ಹಿರಿಯ ಅಧಿಕಾರಿಯ ಮುಖವನ್ನು ಹೋಲುತ್ತದೆ. ಬೇಹುಗಾರಿಕೆ ಸಂಸ್ಥೆ ಅವನನ್ನು ಆ ಅಧಿಕಾರಿಯ ತದ್ರೂಪಿಯಾಗಿ ಕಳಿಸಲು ಬಯಸುತ್ತದೆ. ಸಿಕ್ಕಿಬಿದ್ದರೆ ಸಾವು ಖಚಿತ, ಆದರೆ ಸಾವು ಹೇಗೂ ಬಾಗಿಲಲ್ಲಿದೆ. ಹೀಗೆ ಕಳಿಸುವುದರಲ್ಲಿ ತಪ್ಪಿದೆಯೆ, ಇದ್ದರೆ ಎಲ್ಲಿದೆ?

ಕಾಂಟ್ ಬೆಲೆ ಮತ್ತು ಘನತೆಗಳನ್ನು ಬೇರ್ಪಡಿಸುತ್ತಾನೆ. ಯಾವುದರ ಜಾಗದಲ್ಲಿ ಇನ್ನೊಂದನ್ನು ಇಡಬಹುದೋ ಅದಕ್ಕೆ ಬೆಲೆಯಿದೆ. ಯಾವುದಕ್ಕೆ ಬದಲಿಯೇ ಇಲ್ಲವೋ ಅದಕ್ಕೆ ಘನತೆಯಿದೆ. ತದ್ರೂಪಿಯ ಸಂದರ್ಭ ಕಠಿಣವಾಗುವುದು ಇಲ್ಲಿಯೇ. ಅವನನ್ನು ಹುಡುಕಿ ಬರುವುದೇ ಅವನು ಇನ್ನೊಬ್ಬನಿಗೆ ಬದಲಿಯಾಗಬಲ್ಲ ಎಂಬ ಕಾರಣಕ್ಕೆ. ಅವನ ಸ್ವಂತದ್ದೆಲ್ಲವೂ ಆ ಕೆಲಸಕ್ಕೆ ಅಡ್ಡಿ. 1944ರಲ್ಲಿ ಬ್ರಿಟನ್ನಿನ ಸೇನಾಪತಿ ಮಾಂಟ್‌ಗೊಮರಿಯ ತದ್ರೂಪಿಯಾದ ಕ್ಲಿಫ್ಟನ್ ಜೇಮ್ಸ್ ಸೇನೆಯ ಸಂಬಳ ವಿಭಾಗದ ಲೆಫ್ಟಿನೆಂಟ್, ವೃತ್ತಿಯಿಂದ ನಟ. ಮಾಂಟ್‌ಗೊಮರಿ ಕುಡಿಯುತ್ತಿರಲಿಲ್ಲ, ಸೇದುತ್ತಿರಲಿಲ್ಲ. ಜೇಮ್ಸ್ ಎರಡನ್ನೂ ಬಿಡಬೇಕಾಯಿತು. ಮೊದಲನೆಯ ಮಹಾಯುದ್ಧದಲ್ಲಿ ಕಳೆದುಕೊಂಡಿದ್ದ ಬೆರಳಿನ ಜಾಗಕ್ಕೆ ಕೃತಕ ಬೆರಳು ಬಂತು. ಮೇ ತಿಂಗಳ ಕೊನೆಗೆ ಜಿಬ್ರಾಲ್ಟರ್‌ನಲ್ಲೂ ಆಮೇಲೆ ಅಲ್ಜಿಯರ್ಸ್‌ನಲ್ಲೂ ಆತ ಸೇನಾಪತಿಯಾಗಿ ಕಾಣಿಸಿಕೊಂಡ; ನಾರ್ಮಂಡಿಯ ಆಕ್ರಮಣದ ಬಗ್ಗೆ ಜರ್ಮನ್ನರ ಲೆಕ್ಕ ತಪ್ಪಿಸುವುದು ಉದ್ದೇಶ. ಜೇಮ್ಸ್ ಬರೆದಿರುವ ಪ್ರಕಾರ ಅವನನ್ನು ಮೊದಲು ಕರೆದದ್ದು ಸೇನೆಯ ಚಲನಚಿತ್ರದ ಪಾತ್ರಕ್ಕೆಂದು. ನಿಜ ತಿಳಿದದ್ದು ಆಮೇಲೆ. ಆ ನಡುವಿನ ಅವಧಿಯಲ್ಲಿ ಅವನು ಕಾಂಟ್ ಹೇಳಿದ ಅರ್ಥದಲ್ಲೇ ಕೇವಲ ಸಾಧನವಾಗಿದ್ದ. ಆದರೂ ಅವನು ಸೈನಿಕ, ಅಪಾಯಕ್ಕೆ ಒಮ್ಮೆ ಒಪ್ಪಿದವನು. ಕಾಯಿಲೆಯ ನಾಗರಿಕ ಅಂಥ ಯಾವ ಒಪ್ಪಿಗೆಯನ್ನೂ ಕೊಟ್ಟಿಲ್ಲ.

ಹೇಗೂ ಸಾಯುವವನು ಎಂಬ ವಾದ ಮೇಲ್ನೋಟಕ್ಕೆ ಬಲವಾಗಿ ಕಾಣುತ್ತದೆ. ಉಳಿದ ದಿನಗಳು ಕಡಿಮೆಯಾದಂತೆ ಕಳೆದುಕೊಳ್ಳುವುದೂ ಕಡಿಮೆ ಎಂಬುದು ಅದರ ಲೆಕ್ಕ. ಆದರೆ ಇದು ಬೆಲೆಯ ಲೆಕ್ಕ. ಘನತೆ ಆಯಸ್ಸಿನ ಜೊತೆ ಸವೆಯುವುದಿಲ್ಲ, ಏಕೆಂದರೆ ಅದರ ನೆಲೆ ವಿವೇಕದಿಂದ ನಿರ್ಧರಿಸುವ ಶಕ್ತಿಯಲ್ಲಿದೆ. ಕಾನೂನೂ ಈ ನಿಲುವಿಗೆ ಹತ್ತಿರವಿದೆ. ರೋಗದಿಂದ ನರಳುತ್ತಿರುವವನಿಗೆ ದೈಹಿಕ ಗಾಯ ಮಾಡಿ ಅವನ ಸಾವನ್ನು ಬೇಗ ತಂದವನೇ ಆ ಸಾವಿಗೆ ಕಾರಣ ಎಂದು 1860ರ ಭಾರತೀಯ ದಂಡ ಸಂಹಿತೆಯ 299ನೇ ಕಲಮಿನ ವಿವರಣೆ ಹೇಳುತ್ತಿತ್ತು. ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 100ನೇ ಕಲಮಿನಲ್ಲೂ ಅದು ಉಳಿದಿದೆ. ಕೊನೆಯ ತಿಂಗಳುಗಳಿಗೆ ಬೇರೆ ತೂಕವೂ ಇದೆ: ಮಗಳ ಮದುವೆ, ಮುರಿದ ಮಾತನ್ನು ಮತ್ತೆ ಕೂಡಿಸುವುದು, ಸುಮ್ಮನೆ ಮನೆಯ ಜಗಲಿಯಲ್ಲಿ ಕೂರುವುದು. ಆ ದಿನಗಳಲ್ಲಿ ಏನು ಮಾಡಬೇಕೆಂದು ಹೇಳುವ ಹಕ್ಕು ಅವನದು ಮಾತ್ರ.

ಹಾಗಾದರೆ ಅವನೇ ಒಪ್ಪಿದರೆ? ಕಾಂಟ್‌ನ ದಾರಿಯಲ್ಲಿ ನಡೆದ ಒನೋರಾ ಓನೀಲ್ ಇಲ್ಲಿ ಪ್ರಶ್ನೆಯನ್ನು ಚೂಪು ಮಾಡುತ್ತಾರೆ. ಒಬ್ಬ ಹೂಂ ಎಂದನೆ ಎಂಬುದಕ್ಕಿಂತ ಊಹೂಂ ಎನ್ನುವ ದಾರಿ ಅವನಿಗೆ ನಿಜವಾಗಿ ತೆರೆದಿತ್ತೆ ಎಂಬುದು ಮುಖ್ಯ. ಮೋಸ ಹೋದವನಿಗೆ ತಾನು ಏನನ್ನು ಒಪ್ಪುತ್ತಿದ್ದೇನೆ ಎಂಬುದೇ ಗೊತ್ತಿರುವುದಿಲ್ಲ. ಬಲವಂತಕ್ಕೆ ಸಿಕ್ಕವನಿಗೆ ಒಪ್ಪದಿರುವ ದಾರಿ ಇರುವುದಿಲ್ಲ. ಬೇಹುಗಾರಿಕೆ ನಿಂತಿರುವುದೇ ಬೇಕಾದಷ್ಟನ್ನೇ ತಿಳಿಸುವ ಪದ್ಧತಿಯ ಮೇಲೆ. ಕಾರ್ಯಾಚರಣೆಯ ವಿವರಗಳನ್ನು ಮುಚ್ಚಿಡಬಹುದು, ಆದರೆ ಅವನು ಬದುಕಿ ಬರುವ ಸಾಧ್ಯತೆಯನ್ನು ಮುಚ್ಚಿಟ್ಟರೆ ಸಮ್ಮತಿ ಟೊಳ್ಳಾಗುತ್ತದೆ. ನಿನ್ನ ನಂತರ ಸಂಸಾರವನ್ನು ನಾವು ನೋಡಿಕೊಳ್ಳುತ್ತೇವೆ ಎಂಬ ಮಾತು ಇನ್ನೂ ತೊಡಕಿನದು. ಅದು ಬೆದರಿಕೆಯಲ್ಲ, ಆದರೆ ಔಷಧದ ಸಾಲ ಮೈಮೇಲಿರುವವನಿಗೆ ಅದನ್ನು ನಿರಾಕರಿಸುವುದು ಎಷ್ಟು ಸಾಧ್ಯ? ವೃತ್ರನನ್ನು ಕೊಲ್ಲುವ ಆಯುಧಕ್ಕಾಗಿ ದೇವತೆಗಳು ದಧೀಚಿಯ ಬಳಿ ಹೋಗಿ, ಮೂಳೆಗಳು ಬೇಕು ಎಂದು ಬಾಯಿಬಿಟ್ಟೇ ಕೇಳಿದ ಪುರಾಣಕಥೆ ಇಲ್ಲಿ ನೆರವಿಗೆ ಬರುತ್ತದೆ. ಋಷಿಗೆ ಎಲ್ಲವೂ ತಿಳಿದಿತ್ತು. ಅವನ ದೇಹ ಆಯುಧವಾಯಿತು. ಅವನು ದಾನಿಯಾಗಿ ಉಳಿದ.

ಇದಕ್ಕೆ ತೀರ ವ್ಯತಿರಿಕ್ತವಾದದ್ದು 1943ರ ಆಪರೇಷನ್ ಮಿನ್ಸ್‌ಮೀಟ್. ವೇಲ್ಸ್‌ನ ಗ್ಲಿಂಡರ್ ಮೈಕೆಲ್ ಎಂಬ ನೆಲೆಯಿಲ್ಲದ ಬಡವ ಆ ವರ್ಷದ ಜನವರಿಯಲ್ಲಿ ಲಂಡನ್ನಿನಲ್ಲಿ ಇಲಿಪಾಷಾಣದಿಂದ ಸತ್ತ. ತಂದೆತಾಯಿ ಮೊದಲೇ ತೀರಿಕೊಂಡಿದ್ದರು. ಬ್ರಿಟಿಷ್ ಬೇಹುಗಾರರು ಅವನ ಶವಕ್ಕೆ ಮೇಜರ್ ವಿಲಿಯಂ ಮಾರ್ಟಿನ್ ಎಂದು ಹೆಸರಿಟ್ಟು, ಸುಳ್ಳು ಕಾಗದಪತ್ರಗಳ ಜೊತೆ ಏಪ್ರಿಲ್ 30ರಂದು ಸ್ಪೇನಿನ ಊಯೆಲ್ವಾದ ಕಡಲಿಗೆ ಬಿಟ್ಟರು. ಗುರುತುಚೀಟಿಗೆ ಶವದ ಚಿತ್ರ ಹೊಂದದೆ, ಅವನನ್ನು ಹೋಲುವ ಒಬ್ಬ ಬೇಹು ಅಧಿಕಾರಿಯ ಭಾವಚಿತ್ರ ಅಂಟಿಸಿದರು. ಸತ್ತವನಿಗೂ ಒಬ್ಬ ತದ್ರೂಪಿ ಬೇಕಾಯಿತು. ದಾಳಿ ಗ್ರೀಸಿನ ಮೇಲೆ ಎಂಬ ಪತ್ರಗಳ ಸುಳ್ಳನ್ನು ನಂಬಿ ಜರ್ಮನ್ನರು ಅತ್ತ ಪಡೆ ಹೆಚ್ಚಿಸಿದರು. ಆದರೆ ಜುಲೈ 10ರಂದು ಮಿತ್ರಪಡೆಗಳು ಇಳಿದದ್ದು ಸಿಸಿಲಿಗೆ.

ಫಲವನ್ನೇ ಅಳೆಯುವ ಉಪಯುಕ್ತತಾವಾದಿಗೆ ಇಲ್ಲಿ ಹಿಂಜರಿಕೆಯಿಲ್ಲ: ಶವಕ್ಕೆ ನೋವಿಲ್ಲ, ಉಳಿದ ಜೀವಗಳು ಅನೇಕ. ಶವಕ್ಕೆ ಇಚ್ಛೆಯೂ ಇಲ್ಲವಾದ್ದರಿಂದ ಕಾಂಟ್‌ನ ತತ್ತ್ವ ಅದಕ್ಕೆ ನೇರವಾಗಿ ತಗಲುವುದಿಲ್ಲ ಎಂದೂ ವಾದಿಸಬಹುದು. ಆದರೆ ಆ ದೇಹ ಬದುಕಿದ್ದಾಗ ಒಬ್ಬ ಮನುಷ್ಯನದಾಗಿತ್ತು, ಅವನನ್ನು ಯಾರೂ ಕೇಳಿರಲಿಲ್ಲ. ಆಯ್ಕೆಗೆ ಅನುಕೂಲವಾದದ್ದೇ ಅವನ ಪರವಾಗಿ ಕೇಳುವವರಿಲ್ಲದ ಸ್ಥಿತಿ. ಊಯೆಲ್ವಾದ ಗೋರಿಯ ಮೇಲೆ ದಶಕಗಳ ಕಾಲ ಮೇಜರ್ ಮಾರ್ಟಿನ್‌ನ ಹೆಸರು ಮಾತ್ರ ಇತ್ತು. 1998ರಲ್ಲಿ ಅದರ ಕೆಳಗೆ ಗ್ಲಿಂಡರ್ ಮೈಕೆಲ್ ಎಂಬ ಹೆಸರನ್ನೂ ಕೆತ್ತಲಾಯಿತು.